ಮನೆಯ ಮೀನಿನ ತೊಟ್ಟಿಗೆ ಅಗ್ಗದ ಮರಳು: ಆರಿಸುವುದು, ಪರೀಕ್ಷಿಸುವುದು, ತೊಳೆಯುವುದು

ಕಾಸರಗೋಡು, ಮಂಜೇಶ್ವರದ ಕಡೆ ಇದನ್ನು ಹೊಯ್ಗೆ ಎನ್ನುತ್ತಾರೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದಲ್ಲಿ ಉಸುಕು. ತಾಳವಾಡಿ, ಹೊಸೂರು, ಮಡಕಶಿರಾ ಕಡೆ ಮರಳು. ಹೆಸರು ಯಾವುದಾದರೂ ಇರಲಿ, ಮನೆಯಲ್ಲಿ ಮೀನಿನ ತೊಟ್ಟಿ ಇಡುವವರಿಗೆಲ್ಲ ಬರುವ ಪ್ರಶ್ನೆ ಒಂದೇ. ಅಕ್ವೇರಿಯಂ ಅಂಗಡಿಯಲ್ಲಿ ಸಣ್ಣ ಪ್ಯಾಕೆಟ್‌ನಲ್ಲಿ ದುಬಾರಿ ಬೆಲೆಗೆ ಮಾರುವ ಮರಳನ್ನೇ ಕೊಳ್ಳಬೇಕೇ, ಅಥವಾ ಮನೆ ಕಟ್ಟಲು ಬಳಸುವ ಮರಳನ್ನೇ ತೊಳೆದು ಹಾಕಿದರೆ ಸಾಕೇ?

ಸಾಕು. ಆದರೆ 'ತೊಳೆದು' ಎಂಬ ಆ ಒಂದು ಮಾತಿನೊಳಗೆ ಬಹಳ ಕೆಲಸ ಅಡಗಿದೆ. ಮಕ್ಕಳ ಹಟಕ್ಕೆ ಮಣಿದು ಭಾನುವಾರ ತೊಟ್ಟಿ, ಮರಳು, ಮೀನು ಎಲ್ಲವನ್ನೂ ಒಟ್ಟಿಗೆ ತಂದು, ಸಂಜೆಯೊಳಗೆ ಜೋಡಿಸಿ, ಮುಂದಿನ ಭಾನುವಾರದ ಹೊತ್ತಿಗೆ ಸತ್ತ ಮೀನುಗಳನ್ನು ತೆಂಗಿನ ಬುಡಕ್ಕೆ ಹಾಕುವ ಮನೆಗಳು ಕಡಿಮೆಯೇನಲ್ಲ. ದೋಷವನ್ನು ಮೀನಿನ ಮೇಲೋ ಅಂಗಡಿಯವನ ಮೇಲೋ ಹಾಕುತ್ತೇವೆ. ಎಷ್ಟೋ ಸಲ ದೋಷ ತೊಟ್ಟಿಯ ತಳದಲ್ಲಿರುತ್ತದೆ. ಅಗ್ಗದ ಮರಳಿಗೆ ನಾವು ಕೊಡುವ ಬೆಲೆ ಹಣವಲ್ಲ, ಸಮಯ. ಎರಡು ಪರೀಕ್ಷೆ, ಒಂದು ದಿನದ ತೊಳೆತ, ಒಂದು ವಾರದ ಕಾಯುವಿಕೆ ಇವಿಷ್ಟನ್ನು ಕೊಟ್ಟರೆ ಅಂಗಡಿಯ ಮರಳಿಗೂ ಇದಕ್ಕೂ ವ್ಯತ್ಯಾಸ ಉಳಿಯುವುದಿಲ್ಲ.

ಮರಳು ಏಕೆ ಬೇಕು?

ಅಂದಕ್ಕೆ ಮಾತ್ರವಲ್ಲ. ಮೀನಿನ ಮಲಮೂತ್ರ ಮತ್ತು ಉಳಿದ ಆಹಾರದಿಂದ ನೀರಿನಲ್ಲಿ ಅಮೋನಿಯಾ ಉಂಟಾಗುತ್ತದೆ. ಇದು ಮೀನಿಗೆ ವಿಷ. ಕೆಲವು ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೈಟ್ ಆಗಿಯೂ ಇನ್ನು ಕೆಲವು ಅದನ್ನು ಕಡಿಮೆ ಅಪಾಯದ ನೈಟ್ರೇಟ್ ಆಗಿಯೂ ಬದಲಿಸುತ್ತವೆ. ಈ ಬ್ಯಾಕ್ಟೀರಿಯಾಗಳು ನೀರಿನಲ್ಲಿ ತೇಲಿಕೊಂಡಿರುವುದಕ್ಕಿಂತ ಮರಳಿನ ಕಣಗಳಿಗೆ, ಫಿಲ್ಟರ್‌ನ ಸ್ಪಂಜಿಗೆ ಅಂಟಿಕೊಂಡು ಬದುಕುವುದೇ ಹೆಚ್ಚು. ಮರಳಿನ ಪ್ರತಿ ಕಣವೂ ಅವುಗಳಿಗೆ ಒಂದು ಮನೆ.

ಇನ್ನು ಕೆಲವು ಮೀನುಗಳಿಗೆ ಮರಳೇ ಊಟದ ತಟ್ಟೆ. ಲೋಚ್, ಕೋರಿಡೋರಸ್‌ನಂಥ ತಳದ ಮೀನುಗಳು ಮೀಸೆಯಿಂದ ಮರಳನ್ನು ಕೆದಕಿ ಆಹಾರ ಹುಡುಕುತ್ತವೆ. ಗೋಲ್ಡ್ ಫಿಶ್ ಮರಳನ್ನು ಬಾಯಿತುಂಬ ತೆಗೆದುಕೊಂಡು, ತಿನ್ನುವಂಥದ್ದನ್ನು ಉಳಿಸಿಕೊಂಡು, ಉಳಿದದ್ದನ್ನು ಉಗುಳುತ್ತದೆ. ಬಟಾಣಿ ಗಾತ್ರದ ಬಣ್ಣದ ಕಲ್ಲು ಹಾಕಿದ ತೊಟ್ಟಿಯಲ್ಲಿ ಅದೇ ಕಲ್ಲು ಗೋಲ್ಡ್ ಫಿಶ್‌ನ ಬಾಯಲ್ಲಿ ಸಿಕ್ಕಿಕೊಳ್ಳುವುದುಂಟು. ಸಣ್ಣ ಮರಳಿನಲ್ಲಿ ಆ ಭಯವಿಲ್ಲ.

ಯಾವ ಮರಳು?

ನಮ್ಮ ಊರುಗಳಲ್ಲಿ ಸಿಗುವ ಮರಳನ್ನು ಐದು ಬಗೆಯಾಗಿ ನೋಡಬಹುದು.

1. ಹೊಳೆ ಮರಳು. ಗ್ರಾನೈಟ್‌ನಂಥ ಗಟ್ಟಿ ಕಲ್ಲುಗಳಿರುವ ನಾಡಿನ ಹೊಳೆಮರಳಿನಲ್ಲಿ ಹೆಚ್ಚಿನ ಪಾಲು ಬೆಣಚುಕಲ್ಲಿನ ಕಣಗಳು. ನೀರಿನಲ್ಲಿ ಉರುಳಿ ಉರುಳಿ ಅಂಚು ಸವೆದಿರುತ್ತದೆ. ಬೆಣಚುಕಲ್ಲು ತೊಟ್ಟಿಯ ನೀರಿನಲ್ಲಿ ಕರಗುವುದಿಲ್ಲ, ನೀರಿನ ಗುಣವನ್ನು ಬದಲಿಸುವುದಿಲ್ಲ. ಮೀನಿಗೆ ಬೇಕಾದುದು ಇಂಥದ್ದೇ.

2. ಎಂ ಸ್ಯಾಂಡ್. ಕ್ವಾರಿಯ ಕಲ್ಲನ್ನು ಯಂತ್ರದಲ್ಲಿ ಪುಡಿ ಮಾಡಿದ್ದು. ಇಂದು ಎಲ್ಲೆಡೆ ಸುಲಭವಾಗಿ ಸಿಗುವುದು ಇದೇ. ಇದರಲ್ಲಿ ಎರಡು ತೊಂದರೆಗಳಿವೆ. ಮೊದಲನೆಯದು ಧೂಳು. ಕಾಂಕ್ರೀಟಿಗೆ ಬಳಸುವ ಕಲ್ಲುಪುಡಿ ಮರಳಿನಲ್ಲಿ 75 ಮೈಕ್ರಾನ್‌ಗಿಂತ ಸಣ್ಣ ಪುಡಿ ಶೇಕಡಾ 15ರವರೆಗೆ ಇರಲು ಭಾರತೀಯ ಮಾನಕ ಐಎಸ್ 383 ಅವಕಾಶ ಕೊಡುತ್ತದೆ. ಕಾಂಕ್ರೀಟಿಗೆ ಅದು ಸರಿ, ತೊಟ್ಟಿಗೆ ಕೆಸರು. ಎರಡನೆಯದು ಚೂಪು ಅಂಚು. ಗಪ್ಪಿ, ಟೆಟ್ರಾಗಳಂತೆ ಮೇಲೆ, ನಡುವೆ ಈಜುವ ಮೀನುಗಳಿಗೆ ಇದರಿಂದ ಬಾಧಕವಿಲ್ಲ. ತಳ ಕೆದಕುವ ಮೀಸೆಯ ಮೀನುಗಳಿದ್ದರೆ ಉರುಟು ಮರಳನ್ನೇ ಹುಡುಕಿ.

3. ಫಿಲ್ಟರ್ ಮರಳು. ನೀರು ಶುದ್ಧೀಕರಣದ ದೊಡ್ಡ ಫಿಲ್ಟರ್‌ಗಳಿಗೂ ಈಜುಕೊಳಗಳಿಗೂ ಬಳಸುವ ಸಿಲಿಕಾ ಮರಳು. ಕಣಗಳು ಒಂದೇ ಅಳತೆಯವು, ಧೂಳು ಬಹಳ ಕಡಿಮೆ. ಪಟ್ಟಣಗಳಲ್ಲಿ ನೀರಿನ ಫಿಲ್ಟರ್ ಸಾಮಾನು ಮಾರುವ ಅಂಗಡಿಗಳಲ್ಲಿ ದೊಡ್ಡ ಚೀಲದಲ್ಲಿ ಸಿಗುತ್ತದೆ. ಇಬ್ಬರು ಮೂವರು ಸೇರಿ ಒಂದು ಚೀಲ ತಂದು ಹಂಚಿಕೊಂಡರೆ ಇದಕ್ಕಿಂತ ಸುಲಭದ ದಾರಿ ಇನ್ನೊಂದಿಲ್ಲ.

4. ಕಪ್ಪು ಮಣ್ಣಿನ ನಾಡಿನ ಹಳ್ಳದ ಉಸುಕು. ಸೊಲ್ಲಾಪುರ, ಅಕ್ಕಲಕೋಟೆ ಭಾಗದ ನೆಲ ಲಾವಾದಿಂದಾದ ಕಪ್ಪು ಕಲ್ಲಿನದು. ಅಲ್ಲಿನ ಹಳ್ಳಗಳ ಉಸುಕಿನಲ್ಲಿ ಕಪ್ಪು ಕಲ್ಲಿನ ಚೂರುಗಳ ಜೊತೆಗೆ ಬಿಳಿಯ, ಮಾಸಲು ಬಣ್ಣದ ಸುಣ್ಣದ ಹರಳುಗಳೂ ಸೇರಿರುತ್ತವೆ. ಪರೀಕ್ಷೆ ಮಾಡದೆ ಬಳಸಬಾರದು.

5. ಸಮುದ್ರದಂಡೆಯ ಹೊಯ್ಗೆ. ನೋಡಲು ಎಲ್ಲಕ್ಕಿಂತ ಚೆಂದ, ಸಿಹಿನೀರಿನ ತೊಟ್ಟಿಗೆ ಎಲ್ಲಕ್ಕಿಂತ ತೊಂದರೆ. ಉಪ್ಪನ್ನು ತೊಳೆದುಬಿಟ್ಟರೆ ಆಯಿತು ಎಂದು ತಿಳಿಯುವವರೇ ಹೆಚ್ಚು. ಉಪ್ಪೇನೋ ಹೋಗುತ್ತದೆ. ಪುಡಿಯಾದ ಚಿಪ್ಪು ಹೋಗುವುದಿಲ್ಲ. ಚಿಪ್ಪೆಂದರೆ ಸುಣ್ಣ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಅದು ನಿಧಾನವಾಗಿ ಕರಗುತ್ತ ನೀರನ್ನು ಗಡಸು ಮಾಡುತ್ತಲೇ ಇರುತ್ತದೆ.

ನಿಮ್ಮ ನೀರು ಎಂಥದ್ದು?

ಮರಳನ್ನು ಕುರಿತು ಹೇಳುವವರು ಸಾಮಾನ್ಯವಾಗಿ ನೀರಿನ ವಿಷಯ ಬಿಟ್ಟುಬಿಡುತ್ತಾರೆ. ಆದರೆ ಒಂದೇ ಮರಳು ಎರಡು ಊರುಗಳಲ್ಲಿ ಎರಡು ರೀತಿ ವರ್ತಿಸುತ್ತದೆ.

ಕಾಸರಗೋಡಿನ ಮುರಕಲ್ಲಿನ ನೆಲದ ಬಾವಿ ಮತ್ತು ಸುರಂಗಗಳ ನೀರು ಮೆದು. ಸಾಬೂನಿಗೆ ಬೇಗ ನೊರೆ ಬರುತ್ತದೆ. ಹಲವೆಡೆ ಅದು ಸ್ವಲ್ಪ ಹುಳಿ ಗುಣದ್ದು, ಅಂದರೆ ಪಿಎಚ್ 7ಕ್ಕಿಂತ ಕಡಿಮೆ. ಇಂಥ ನೀರಿಗೆ ಸುಣ್ಣವನ್ನು ಕರಗಿಸುವ ಹಸಿವು ಜಾಸ್ತಿ. ಚಿಪ್ಪಿನ ಹೊಯ್ಗೆ ಹಾಕಿದರೆ ಕೆಲವೇ ದಿನಗಳಲ್ಲಿ ಪಿಎಚ್ ಮೇಲೇರುತ್ತದೆ. ವಾರಕ್ಕೊಮ್ಮೆ ಬಾವಿಯ ಹೊಸ ನೀರು ಹಾಕಿದಾಗ ತಟ್ಟನೆ ಇಳಿಯುತ್ತದೆ, ಮತ್ತೆ ಏರುತ್ತದೆ. ಮೀನನ್ನು ದಣಿಸುವುದು ಗಡಸು ನೀರಿಗಿಂತಲೂ ಈ ಏರಿಳಿತ.

ಸೊಲ್ಲಾಪುರ, ರಾಯದುರ್ಗದ ಕಡೆಯ ಬೋರ್‌ವೆಲ್ ನೀರು ಸಾಮಾನ್ಯವಾಗಿ ಮೊದಲೇ ಗಡಸು. ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುವುದನ್ನು ಅಲ್ಲಿಯ ಗೃಹಿಣಿಯರು ದಿನವೂ ನೋಡುತ್ತಾರೆ. ಅಂಥ ನೀರಿನಲ್ಲಿ ಉಸುಕಿನ ನಾಲ್ಕು ಸುಣ್ಣದ ಹರಳು ಹೆಚ್ಚೇನೂ ಕರಗುವುದಿಲ್ಲ, ಬದಲಾವಣೆ ಕಡಿಮೆ. ಆದರೂ ಮಳೆನೀರು ಅಥವಾ ಆರ್‌ಒ ನೀರು ಬೆರೆಸುವ ಅಭ್ಯಾಸವಿದ್ದರೆ ಅವೂ ಕರಗತೊಡಗುತ್ತವೆ.

ಗಡಸು ನೀರೇ ಬೇಕಾದ ಮೀನುಗಳೂ ಇವೆ. ಮೋಲಿ, ಗಪ್ಪಿ, ಪ್ಲಾಟಿಗಳು ಮೆದು ನೀರಿನಲ್ಲಿ ಸೊರಗುತ್ತವೆ. ಕಾಸರಗೋಡಿನ ಬಾವಿನೀರಿನಲ್ಲಿ ಮೋಲಿ ಸಾಕುವವರು ತೊಳೆದ ಚಿಪ್ಪಿನ ಚೂರುಗಳನ್ನು ಒಂದು ಹಿಡಿಯಷ್ಟು ಬಟ್ಟೆಯ ಚೀಲದಲ್ಲಿ ಕಟ್ಟಿ ತೊಟ್ಟಿಯಲ್ಲಿಟ್ಟರೆ ಅನುಕೂಲವೇ ಆಗುತ್ತದೆ. ಹೆಚ್ಚಾದರೆ ಚೀಲ ತೆಗೆಯಬಹುದು. ತಳಕ್ಕೆಲ್ಲ ಹರಡಿದ ಹೊಯ್ಗೆಯನ್ನು ಹಾಗೆ ತೆಗೆಯಲಾಗುವುದಿಲ್ಲ.

ಎಲ್ಲಿಂದ ತರಬೇಕು?

ಹೊಳೆಗೆ ಹೋಗಿ ಒಂದು ಚೀಲ ತುಂಬಿಸಿಕೊಂಡು ಬಂದರಾಯಿತು ಎನ್ನುವ ಕಾಲ ಹೋಯಿತು. ಕೇರಳದಲ್ಲಿ ಹೊಳೆಗಳಿಂದ ಮರಳು ತೆಗೆಯುವುದನ್ನು ನಿಯಂತ್ರಿಸಲು 2001ರಲ್ಲೇ ಪ್ರತ್ಯೇಕ ಕಾಯ್ದೆ ಬಂತು. 2012ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್, ಐದು ಹೆಕ್ಟೇರಿಗಿಂತ ಚಿಕ್ಕ ಪ್ರದೇಶದ ಮರಳು ಗಣಿಗಾರಿಕೆಗೂ ಪರಿಸರ ಅನುಮತಿ ಬೇಕೆಂದು ಹೇಳಿತು. ಸಮುದ್ರದಂಡೆಯ ಮರಳು ತೆಗೆಯುವುದಕ್ಕೂ ಕರಾವಳಿ ನಿಯಂತ್ರಣ ವಲಯದ ನಿಯಮಗಳ ತಡೆಯಿದೆ.

ಒಂದು ಬಕೆಟ್ ತೆಗೆದರೆ ಹೊಳೆ ಬರಿದಾಗುತ್ತದೆಯೇ ಎಂದು ಕೇಳಬಹುದು. ಇಲ್ಲ. ಆದರೆ ಮೀನನ್ನು ಪ್ರೀತಿಸಿ ಸಾಕುವವರು ಇನ್ನೊಂದು ಸಂಗತಿಯನ್ನೂ ತಿಳಿದಿರಬೇಕು. 'ಮಿಸ್ ಕೇರಳ' ಎಂದು ಕರೆಯುವ, ಮೈಮೇಲೆ ಕೆಂಪು ಗೆರೆಯುಳ್ಳ ಸುಂದರ ಮೀನು ಚಂದ್ರಗಿರಿ ಸೇರಿದಂತೆ ಪಶ್ಚಿಮ ಘಟ್ಟದಿಂದ ಇಳಿಯುವ ಕೆಲವೇ ಹೊಳೆಗಳದ್ದು. ಇಂದು ಅದು ಅಳಿವಿನಂಚಿನ ಜಾತಿಗಳ ಪಟ್ಟಿಯಲ್ಲಿದೆ. ಹೊಳೆಯ ಮೀನನ್ನು ಗಾಜಿನೊಳಗೆ ನೋಡಲು ಹೊಳೆಯ ತಳವನ್ನೇ ಕೆದಕುವುದು ಸರಿಯಲ್ಲ.

ಆದ್ದರಿಂದ ಸುಲಭದ ದಾರಿ ಇವು. ಕಟ್ಟಡ ಸಾಮಾನಿನ ಅಂಗಡಿಯಿಂದ ಒಂದು ಚೀಲ ಕೊಳ್ಳಿ. ನೆರೆಯಲ್ಲಿ ಮನೆ ಕಟ್ಟುತ್ತಿದ್ದರೆ ಯಜಮಾನರನ್ನು ಕೇಳಿ ಎರಡು ಬುಟ್ಟಿ ತನ್ನಿ. ಹಳೆಯ ತೊಟ್ಟಿ ಮಾರುವವರಿದ್ದರೆ ಅವರ ಮರಳನ್ನೂ ಕೇಳಿ. ಕಟ್ಟಡದ ಜಾಗದಿಂದ ತರುವಾಗ ಒಂದು ಎಚ್ಚರ ಬೇಕು. ಗಾರೆ ಕಲಸುವ ಜಾಗದ ಪಕ್ಕದ ಮರಳಿಗೆ ಸಿಮೆಂಟ್ ಬೆರೆತಿರುತ್ತದೆ. ಸ್ವಲ್ಪ ಸಿಮೆಂಟ್ ಕೂಡ ನೀರಿನ ಪಿಎಚ್ ಅನ್ನು ಮೀನು ಸಾಯುವಷ್ಟು ಏರಿಸಬಲ್ಲದು. ರಾಶಿಯ ಮೇಲ್ಪದರದಲ್ಲಿ ಬೆಕ್ಕು ನಾಯಿಗಳ ಗಲೀಜು ಇರುತ್ತದೆ. ಮೇಲಿನ ಒಂದು ಗೇಣು ಸರಿಸಿ ಒಳಗಿನದನ್ನು ತುಂಬಿಕೊಳ್ಳಿ.

ಎಷ್ಟು ಬೇಕು?

ಲೆಕ್ಕ ಸುಲಭ. ತೊಟ್ಟಿಯ ಉದ್ದ, ಅಗಲ, ಬೇಕಾದ ಮರಳಿನ ದಪ್ಪ ಮೂರನ್ನೂ ಸೆಂಟಿಮೀಟರ್‌ನಲ್ಲಿ ಗುಣಿಸಿ 1000ದಿಂದ ಭಾಗಿಸಿದರೆ ಲೀಟರ್ ಲೆಕ್ಕ ಬರುತ್ತದೆ. ಎರಡಡಿ ಉದ್ದ, ಒಂದಡಿ ಅಗಲದ ತೊಟ್ಟಿಗೆ 3 ಸೆಂ.ಮೀ. ದಪ್ಪಕ್ಕೆ 60 × 30 × 3 = 5400, ಅಂದರೆ 5.4 ಲೀಟರ್. ಒಣ ಮರಳು ಲೀಟರಿಗೆ ಸುಮಾರು ಒಂದೂವರೆ ಕಿಲೋ ತೂಗುತ್ತದೆ. ಹಾಗಾಗಿ ಎಂಟೂವರೆ ಕಿಲೋ ಸಾಕು. ಜರಡಿ ಹಿಡಿದು ತೊಳೆಯುವಾಗ ನಷ್ಟವಾಗುವುದರಿಂದ 12 ಕಿಲೋ ತನ್ನಿ. ಎಂ ಸ್ಯಾಂಡ್ ಆದರೆ ಎರಡು ಪಟ್ಟು ತನ್ನಿ.

ಬೇರು ಬಿಡುವ ಗಿಡಗಳಿಲ್ಲದಿದ್ದರೆ ಮೂರು ಸೆಂಟಿಮೀಟರಿಗಿಂತ ದಪ್ಪ ಬೇಕಿಲ್ಲ. ಗಿಡ ನೆಡುವುದಾದರೆ ಹಿಂಬದಿಗೆ ಐದು, ಮುಂಬದಿಗೆ ಮೂರು. ಇನ್ನೊಂದು ಮಾತು, ಒಂದಡಿ ಎತ್ತರದ ಇಂಥ ತೊಟ್ಟಿ ನೀರು, ಮರಳು, ಗಾಜು ಸೇರಿ 60 ಕಿಲೋ ದಾಟುತ್ತದೆ. ಟಿವಿ ಸ್ಟ್ಯಾಂಡಿನ ಮೇಲೆ ಇಡುವ ಮುನ್ನ ಯೋಚಿಸಿ.

ತರುವ ಮುನ್ನವೇ ಪರೀಕ್ಷೆ

ಚೀಲ ಹೊತ್ತು ತಂದ ಮೇಲೆ ಪರೀಕ್ಷಿಸುವುದಕ್ಕಿಂತ ಮೊದಲು ಎರಡು ಹಿಡಿ ಮಾದರಿ ತಂದು ಪರೀಕ್ಷಿಸುವುದು ಜಾಣತನ.

ಬಾಟಲಿ ಪರೀಕ್ಷೆ. ಪಾರದರ್ಶಕ ಬಾಟಲಿಯಲ್ಲಿ ಮೂರನೇ ಒಂದು ಭಾಗ ಮರಳು ಹಾಕಿ, ನೀರು ತುಂಬಿ, ಚೆನ್ನಾಗಿ ಕುಲುಕಿ ಇಡಿ. ಮರಳು ಒಂದು ನಿಮಿಷದೊಳಗೆ ತಳ ಸೇರುತ್ತದೆ. ಅದರ ಮೇಲೆ ನಿಧಾನವಾಗಿ ಕೂರುವುದು ಮಣ್ಣು. ಮೂರು ಗಂಟೆ ಬಿಟ್ಟು ನೋಡಿದಾಗ ಆ ಮಣ್ಣಿನ ಪದರ ಮರಳಿನ ಎತ್ತರದ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚಿದ್ದರೆ ಬೇರೆ ಮರಳು ಹುಡುಕಿ. ತೊಳೆಯುವ ಶ್ರಮಕ್ಕೆ ತಕ್ಕ ಫಲ ಅದರಲ್ಲಿಲ್ಲ.

ವಿನೆಗರ್ ಪರೀಕ್ಷೆ. ಒಂದು ಚಮಚ ತೊಳೆದ ಮರಳನ್ನು ಗಾಜಿನ ಲೋಟದಲ್ಲಿ ಹಾಕಿ, ಮೊದಲು ನೀರಿನಲ್ಲಿ ನೆನೆಸಿ ಬಸಿಯಿರಿ. ನಂತರ ಮುಳುಗುವಷ್ಟು ಬಿಳಿ ವಿನೆಗರ್ ಹಾಕಿ. ವಿನೆಗರ್ ಇಲ್ಲದಿದ್ದರೆ ನಿಂಬೆರಸ ಸಾಕು. ಸುಣ್ಣವಿದ್ದರೆ ಕಣಗಳಿಂದ ಸಣ್ಣ ಗುಳ್ಳೆಗಳು ಬಿಡದೆ ಏಳುತ್ತವೆ. ಕಿವಿಯ ಹತ್ತಿರ ಹಿಡಿದರೆ ಸೋಡಾದಂತೆ ಚುರುಗುಟ್ಟುವ ಸದ್ದೂ ಕೇಳಿಸಬಹುದು. ನೆನೆಸಬೇಕೆಂದು ಹೇಳಿದ್ದಕ್ಕೆ ಕಾರಣವಿದೆ. ಒಣ ಮರಳಿನ ನಡುವಿನ ಗಾಳಿಯೂ ಗುಳ್ಳೆಯಾಗಿ ಏಳುತ್ತದೆ, ಅದನ್ನೇ ಸುಣ್ಣವೆಂದು ತಪ್ಪು ತಿಳಿಯುವುದುಂಟು. ಬಚ್ಚಲು ತೊಳೆಯುವ ಆಸಿಡ್‌ನಲ್ಲಿ ಈ ಪರೀಕ್ಷೆ ಮಾಡಬೇಡಿ. ಅದರ ಹೊಗೆ ಕಣ್ಣಿಗೂ ಗಂಟಲಿಗೂ ಅಪಾಯ.

ಅಯಸ್ಕಾಂತ ಪರೀಕ್ಷೆ. ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಣ ಮರಳಿನಲ್ಲಿ ಆಡಿಸಿ. ಕಪ್ಪು ಕಣಗಳು ಮೀಸೆಯಂತೆ ಅಂಟಿಕೊಂಡರೆ ಅದು ಕಬ್ಬಿಣದ ಅದಿರು. ಮೀನಿಗೆ ಅದರಿಂದ ದೊಡ್ಡ ಹಾನಿಯಿಲ್ಲ. ಆದರೆ ಫಿಲ್ಟರ್ ಮೋಟಾರಿನ ತಿರುಗುವ ಭಾಗವೂ ಒಂದು ಅಯಸ್ಕಾಂತವೇ. ಈ ಕಣಗಳು ಅದಕ್ಕೆ ಅಂಟಿ ಅದನ್ನು ನಿಲ್ಲಿಸಿಬಿಡಬಲ್ಲವು. ಸ್ವಲ್ಪವಿದ್ದರೆ ಅಯಸ್ಕಾಂತದಿಂದಲೇ ತೆಗೆಯಿರಿ. ಬಹಳವಿದ್ದರೆ ಆ ಮರಳು ಬೇಡ.

ಒಂದು ವಾರದ ಪರೀಕ್ಷೆ. ವಿನೆಗರ್‌ಗೆ ಕಾಣದ ಅಲ್ಪ ಸುಣ್ಣವನ್ನೂ ಇದು ಹಿಡಿಯುತ್ತದೆ. ಎರಡು ಬಾಟಲಿಗಳಲ್ಲಿ ನಿಮ್ಮ ತೊಟ್ಟಿಗೆ ಬಳಸುವ ನೀರನ್ನೇ ತುಂಬಿ. ಒಂದಕ್ಕೆ ಕಾಲು ಭಾಗ ತೊಳೆದ ಮರಳು ಹಾಕಿ. ಇನ್ನೊಂದು ಬರಿಯ ನೀರು. ಏಳು ದಿನ ಬಿಟ್ಟು ಎರಡರಿಂದಲೂ ಅರ್ಧರ್ಧ ಲೋಟ ನೀರನ್ನು ಬೇರೆ ಬಾಟಲಿಗಳಿಗೆ ತೆಗೆಯಿರಿ. ಸ್ನಾನದ ಸಾಬೂನಿನ ತುರಿಯನ್ನು ನೀರಿನಲ್ಲಿ ಕರಗಿಸಿಕೊಂಡು, ಹನಿ ಹನಿಯಾಗಿ ಹಾಕಿ ಕುಲುಕುತ್ತ, ನೊರೆ ಎರಡು ನಿಮಿಷ ನಿಲ್ಲಲು ಎಷ್ಟು ಹನಿ ಬೇಕಾಯಿತೆಂದು ಎಣಿಸಿ. ಮರಳಿನ ನೀರಿಗೆ ಎದ್ದುಕಾಣುವಷ್ಟು ಹೆಚ್ಚು ಹನಿ ಬೇಕಾದರೆ ಮರಳಿನಲ್ಲಿ ಸುಣ್ಣವಿದೆ. ಬಟ್ಟೆ ಒಗೆಯುವ ಡಿಟರ್ಜೆಂಟ್ ಪುಡಿ ಇದಕ್ಕೆ ಬರುವುದಿಲ್ಲ, ಅದು ಗಡಸು ನೀರಿನಲ್ಲೂ ನೊರೆ ಕೊಡುತ್ತದೆ. ಮೊದಲೇ ಗಡಸು ನೀರಿರುವ ಊರುಗಳಲ್ಲಿ ಈ ವ್ಯತ್ಯಾಸ ಸರಿಯಾಗಿ ಕಾಣದು. ಅಲ್ಲಿ ಅಕ್ವೇರಿಯಂ ಅಂಗಡಿಯ ಪರೀಕ್ಷಾ ಪಟ್ಟಿಗಳನ್ನು ಬಳಸುವುದೇ ಮೇಲು.

ಜರಡಿ

ಬೇಕಾದ ಕಣದ ಗಾತ್ರ ಅರ್ಧ ಮಿಲಿಮೀಟರಿನಿಂದ ಒಂದೂವರೆ ಮಿಲಿಮೀಟರ್. ಅಡುಗೆಮನೆಯ ಲೆಕ್ಕದಲ್ಲಿ ಹೇಳುವುದಾದರೆ ಉಪ್ಪಿಟ್ಟಿನ ರವೆಯಿಂದ ರಾಗಿ ಕಾಳಿನವರೆಗೆ. ಚಿರೋಟಿ ರವೆಯಷ್ಟು ನುಣ್ಣಗಿದ್ದರೆ ಒತ್ತಾಗಿ ಕೂತು ಗಾಳಿಯಾಡುವುದಿಲ್ಲ. ಸಾಸಿವೆಗಿಂತ ದಪ್ಪವಿದ್ದರೆ ಉಳಿದ ಆಹಾರ ಸಂದುಗಳಲ್ಲಿ ಸೇರಿ ಕೊಳೆಯುತ್ತದೆ.

ಕಿಟಕಿಗೆ ಹಾಕುವ ಸೊಳ್ಳೆಪರದೆಯ ತುಂಡನ್ನು ಬುಟ್ಟಿಯ ಬಾಯಿಗೆ ಕಟ್ಟಿ ಮೊದಲು ಜರಡಿ ಹಿಡಿಯಿರಿ. ಕಲ್ಲು, ಕಡ್ಡಿ, ಬೇರು ಮೇಲೆ ಉಳಿಯುತ್ತವೆ. ಕೆಳಗೆ ಬಿದ್ದದ್ದನ್ನು ಹಿಟ್ಟಿನ ಹಳೆಯ ಜರಡಿಯಲ್ಲಿ ಹಿಡಿಯಿರಿ. ಈ ಸಲ ಜರಡಿಯಲ್ಲಿ ಉಳಿದದ್ದೇ ನಿಮ್ಮ ಮರಳು. ಆ ಜರಡಿ ಮತ್ತೆ ಅಡುಗೆಮನೆಗೆ ಹೋಗಬಾರದು. ಎಂ ಸ್ಯಾಂಡನ್ನು ಒಣಗಿರುವಾಗ ಜರಡಿ ಹಿಡಿಯಬೇಡಿ. ಕಲ್ಲಿನ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ನೀರು ಚಿಮುಕಿಸಿಕೊಂಡು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಮಾಡಿ, ಅಥವಾ ಬಕೆಟ್ಟಿನ ನೀರಿನಲ್ಲಿ ಮುಳುಗಿಸಿಯೇ ಜಾಲಿಸಿ.

ತೊಳೆಯುವ ಕ್ರಮ

ಎಲ್ಲವನ್ನೂ ಒಮ್ಮೆಲೇ ತೊಳೆಯಲು ಹೋಗಬೇಡಿ. ಬಕೆಟ್ಟಿನ ಕಾಲು ಭಾಗಕ್ಕಿಂತ ಹೆಚ್ಚು ಮರಳು ಹಾಕಿದರೆ ಕೈ ತಳ ಮುಟ್ಟುವುದಿಲ್ಲ, ಅಡಿಯ ಮಣ್ಣು ಅಡಿಯಲ್ಲೇ ಉಳಿಯುತ್ತದೆ. ನೀರು ಹಾಕಿ, ಮೊಳಕೈಯವರೆಗೆ ಕೈಯಿಳಿಸಿ, ತಳದಿಂದ ಮೇಲಕ್ಕೆ ತಿರುವಿ ತಿರುವಿ ಉಜ್ಜಿ. ಕೈ ತೆಗೆದು ಹತ್ತು ಎಣಿಸಿ. ಮರಳು ಕೂರುತ್ತದೆ, ಮಣ್ಣು ತೇಲುತ್ತಿರುತ್ತದೆ. ಆಗಲೇ ನೀರನ್ನು ಬಗ್ಗಿಸಿ. ಹೆಚ್ಚು ಹೊತ್ತು ಕಾದರೆ ಮಣ್ಣೂ ಕೂತುಬಿಡುತ್ತದೆ. ಹೀಗೆ ಹತ್ತು ಹದಿನೈದು ಸಲ, ಎಂ ಸ್ಯಾಂಡಿಗೆ ಇಪ್ಪತ್ತು ಸಲವಾದರೂ ಬೇಕು.

ಸಾಬೂನು, ಡಿಟರ್ಜೆಂಟ್, ಫಿನಾಯಿಲ್ ಯಾವುದೂ ಸೋಕಬಾರದು. ಬಕೆಟ್ ಕೂಡ ಬಟ್ಟೆ ನೆನೆಸುವ ಬಕೆಟ್ ಆಗಿರಬಾರದು. ಸಾಬೂನಿನ ಅಂಶ ಮೀನಿನ ಕಿವಿರುಗಳಿಗೆ ನೇರ ಹಾನಿ ಮಾಡುತ್ತದೆ.

ನೀರಿಗೆ ಬರವಿರುವ ಕಡೆ, ಜತ್ತ, ರಾಯದುರ್ಗದಂಥ ಊರುಗಳಲ್ಲಿ, ಇಷ್ಟು ನೀರು ಚೆಲ್ಲಲು ಮನಸ್ಸು ಬಾರದು. ಅವರಿಗೆ ಮೂರು ಬಕೆಟ್ಟಿನ ಉಪಾಯವಿದೆ. ಮೊದಲ ಬಕೆಟ್ಟಿನಲ್ಲಿ ಕೊಳಕು ಮರಳು, ಎರಡನೆಯದರಲ್ಲಿ ಅರ್ಧ ತೊಳೆದದ್ದು, ಮೂರನೆಯದರಲ್ಲಿ ಬಹುಪಾಲು ತೊಳೆದದ್ದು. ಹೊಸ ನೀರನ್ನು ಮೂರನೆಯ ಬಕೆಟ್ಟಿಗೆ ಮಾತ್ರ ಹಾಕಿ. ಅಲ್ಲಿ ತೊಳೆದ ನೀರು ಎರಡನೆಯದಕ್ಕೆ, ಎರಡನೆಯದರ ನೀರು ಮೊದಲನೆಯದಕ್ಕೆ, ಮೊದಲನೆಯದರ ನೀರು ಗಿಡದ ಪಾತಿಗೆ. ಒಂದೇ ನೀರು ಮೂರು ಸಲ ದುಡಿಯುತ್ತದೆ. ಎಲ್ಲಿಯೇ ಆಗಲಿ ಈ ಕೆಸರನ್ನು ಬಚ್ಚಲ ಕೊಳವೆಗೆ ಸುರಿಯಬೇಡಿ. ಅದು ತಳದಲ್ಲಿ ಕೂತು ಕೊಳವೆ ಕಟ್ಟಿಕೊಳ್ಳುತ್ತದೆ.

ತೊಳೆದದ್ದು ಸಾಕೇ ಎಂದು ತಿಳಿಯುವುದು ಹೇಗೆ? ಒಂದು ಹಿಡಿ ಮರಳನ್ನು ಗಾಜಿನ ಲೋಟದ ನೀರಿನಲ್ಲಿ ಕದಡಿ, ಅರ್ಧ ನಿಮಿಷ ಬಿಟ್ಟು, ಲೋಟದ ಹಿಂದೆ ದಿನಪತ್ರಿಕೆ ಹಿಡಿಯಿರಿ. ಸಣ್ಣ ಅಕ್ಷರಗಳನ್ನು ಓದಲಾದರೆ ಸಾಕು. ಓದಲಾಗದಿದ್ದರೆ ಇನ್ನೂ ನಾಲ್ಕು ಸಲ.

ಒಣಗಿಸುವುದು

ತೊಳೆದ ಮರಳನ್ನು ಸಿಮೆಂಟ್ ಅಂಗಳದ ಮೇಲೆ ನೇರವಾಗಿ ಹಾಕದೆ ಸ್ವಚ್ಛವಾದ ಟಾರ್ಪಾಲಿನ ಮೇಲೆ ಬೆರಳು ದಪ್ಪಕ್ಕೆ ಹರಡಿ, ಎರಡು ಮೂರು ದಿನ ಬಿಸಿಲಿಗೆ ಒಣಗಿಸಿ. ದಿನಕ್ಕೆರಡು ಸಲ ತಿರುವಿ. ಬಸವನಹುಳುವಿನ ಮರಿ, ಕೊಡತಿಹುಳದ ಮರಿಗಳಂಥವು, ಪಾಚಿ ಎಲ್ಲ ಒಣಗಿ ಸಾಯುತ್ತವೆ. ಮಳೆಗಾಲದಲ್ಲಿ ಕರಾವಳಿಯವರಿಗೆ ಬಿಸಿಲು ಸಿಗದು. ಆಗ ಮರಳನ್ನು ಸ್ಟೀಲ್ ಪಾತ್ರೆಯಲ್ಲಿ ಹಾಕಿ ಕುದಿಯುವ ನೀರು ಸುರಿದು, ತಣ್ಣಗಾಗುವವರೆಗೆ ಮುಚ್ಚಿಟ್ಟು ಬಸಿಯಿರಿ. ಎರಡು ಸಲ ಹೀಗೆ ಮಾಡಿದರೆ ಸಾಕು.

ತೊಟ್ಟಿಗೆ ಹಾಕುವಾಗ

ದೊಡ್ಡ ಕಲ್ಲುಗಳನ್ನು ಇಡುವುದಿದ್ದರೆ ಮರಳಿಗಿಂತ ಮೊದಲು ತಳದ ಗಾಜಿನ ಮೇಲೆ ತೆಳು ಥರ್ಮೋಕೋಲ್ ತುಂಡು ಇಟ್ಟು ಅದರ ಮೇಲೆ ಕೂರಿಸಿ. ಮರಳಿನ ಮೇಲೆ ಇಟ್ಟ ಕಲ್ಲು, ಮೀನು ಅಡಿಯಲ್ಲಿ ಕೆದಕಿದಾಗ ಉರುಳಿ ಗಾಜನ್ನೇ ಒಡೆಯಬಹುದು. ನಂತರ ಮರಳು ಹರಡಿ. ಅದರ ಮೇಲೆ ಒಂದು ತಟ್ಟೆಯಿಟ್ಟು, ನೀರನ್ನು ತಟ್ಟೆಯ ಮೇಲೆಯೇ ನಿಧಾನವಾಗಿ ಸುರಿಯಿರಿ. ತಟ್ಟೆಯಿಂದ ಚೆಲ್ಲಿದ ನೀರು ಮರಳನ್ನು ಕದಡುವುದಿಲ್ಲ.

ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಒಂದು ದಿನ ತೆರೆದ ಪಾತ್ರೆಯಲ್ಲಿಟ್ಟು ಗಾಳಿಯಾಡಿಸಿ ಬಳಸಿ, ಅಥವಾ ಅಂಗಡಿಯ ಆಂಟಿ ಕ್ಲೋರಿನ್ ಹನಿ ಹಾಕಿ. ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿದ ದಿನಗಳಲ್ಲಿ ಬಾವಿನೀರಿಗೂ ಇದೇ ಮಾತು.

ತಳದಡಿಯಿಂದ ನೀರೆಳೆಯುವ ಪ್ಲೇಟ್ ಫಿಲ್ಟರ್ ಜಲ್ಲಿಗೆ ಸರಿ, ಮರಳಿಗೆ ಆಗದು. ಮರಳು ಅದರ ಸೀಳುಗಳಲ್ಲಿ ಇಳಿದು ಕಟ್ಟಿಕೊಳ್ಳುತ್ತದೆ. ಗಾಳಿಪಂಪಿನಿಂದ ನಡೆಯುವ ಸ್ಪಂಜ್ ಫಿಲ್ಟರ್ ಅಗ್ಗ ಮತ್ತು ಉತ್ತಮ. ಮೋಟಾರ್ ಫಿಲ್ಟರ್ ಇದ್ದರೆ ಅದರ ಬಾಯಿ ಮರಳಿನಿಂದ ನಾಲ್ಕು ಬೆರಳು ಮೇಲಿರಲಿ. ಮರಳು ಕದಡುವ ಕೆಲಸವಿದ್ದಾಗ ಸ್ವಿಚ್ ಆರಿಸಿ.

ನೀರು ಮಂಕಾದರೆ

ಮೊದಲ ದಿನದ ಮಣ್ಣುಬಣ್ಣದ ಮಂಕು ಧೂಳು. ಒಂದೆರಡು ದಿನದಲ್ಲಿ ತಾನೇ ಕೂರುತ್ತದೆ. ಮೂರು ನಾಲ್ಕು ದಿನದ ನಂತರ ಹಾಲು ಬೆರೆಸಿದಂತೆ ಬಿಳಿಯಾದರೆ ಅದು ಬ್ಯಾಕ್ಟೀರಿಯಾಗಳ ಗುಂಪು. ಗಾಬರಿಯಾಗಿ ಎಲ್ಲ ನೀರು ಚೆಲ್ಲಿ ಮರಳನ್ನು ಮತ್ತೆ ತೊಳೆಯುವುದೇ ಹೆಚ್ಚಿನವರು ಮಾಡುವ ತಪ್ಪು. ಹಾಗೆ ಮಾಡಿದರೆ ಕೆಲಸ ಮತ್ತೆ ಮೊದಲಿನಿಂದ. ಕಾದರೆ ತಿಳಿಯಾಗುತ್ತದೆ.

ಹೊಸ ಮರಳಿನಲ್ಲಿ ಆರಂಭದಲ್ಲಿ ಹೇಳಿದ ಉಪಕಾರಿ ಬ್ಯಾಕ್ಟೀರಿಯಾಗಳು ಇಲ್ಲ. ಅವು ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಸ್ನೇಹಿತರ ಹಳೆಯ, ರೋಗವಿಲ್ಲದ ತೊಟ್ಟಿಯಿಂದ ಒಂದು ಹಿಡಿ ಹಸಿ ಮರಳು ತಂದು ಹೊಸದರ ಮೇಲೆ ಹರಡಿದರೆ ಕಾಲ ಕಡಿಮೆಯಾಗುತ್ತದೆ. ಮೊಸರಿಗೆ ಹೆಪ್ಪು ಹಾಕಿದ ಹಾಗೆ. ಮೊದಲ ವಾರ ಮೀನೇ ಬೇಡ. ನಂತರ ಎರಡು ಗಟ್ಟಿ ಜಾತಿಯ ಮೀನು, ದಿನಕ್ಕೊಮ್ಮೆ ಚಿಟಿಕೆ ಆಹಾರ. ಉಳಿದವು ಆಮೇಲೆ.

ಮುಂದಿನ ಆರೈಕೆ

ವಾರಕ್ಕೊಮ್ಮೆ ನೀರು ಬದಲಿಸುವಾಗ ಕೊಳವೆಯ ಬಾಯನ್ನು ಮರಳಿನಿಂದ ಎರಡು ಬೆರಳು ಮೇಲೆ ಹಿಡಿದು ತೇಲುವ ಹೊಲಸನ್ನು ಮಾತ್ರ ಎಳೆಯಿರಿ. ತಿಂಗಳಿಗೆರಡು ಸಲ ಊದಿನಕಡ್ಡಿ ದಪ್ಪದ ಪ್ಲಾಸ್ಟಿಕ್ ಕಡ್ಡಿಯಿಂದ ಮರಳನ್ನು ಮೆಲ್ಲನೆ ಚುಚ್ಚಿ ಸಡಿಲಿಸಿ. ದಪ್ಪ ಮರಳನ್ನು ಹಾಗೆಯೇ ಬಿಟ್ಟರೆ ಆಮ್ಲಜನಕವಿಲ್ಲದ ಅಡಿಪದರ ಕಪ್ಪಾಗಿ, ಕೊಳೆತ ಮೊಟ್ಟೆಯ ವಾಸನೆಯ ಗಾಳಿ ಕಟ್ಟಿಕೊಳ್ಳುತ್ತದೆ. ಆ ಗಾಳಿ ಮೀನಿಗೆ ವಿಷ. ತಿಂಗಳುಗಟ್ಟಲೆ ಮುಟ್ಟದ ಮರಳಾದರೆ ಒಮ್ಮೆಲೇ ಕದಡಬೇಡಿ. ಮೀನನ್ನು ಬೇರೆಡೆಗೆ ತೆಗೆದು ಮಾಡಿ, ಇಲ್ಲವೇ ವಾರಕ್ಕೆ ಸ್ವಲ್ಪ ಸ್ವಲ್ಪ ಭಾಗ ಮಾಡಿ.

ತಾಳಿದವನು ಬಾಳಿಯಾನು ಎಂಬ ಗಾದೆ ಮೀನು ಸಾಕುವವರಿಗೆಂದೇ ಹೇಳಿದಂತಿದೆ. ಭಾನುವಾರ ಮಕ್ಕಳು ಹಟ ಹಿಡಿದರೆ ಆ ದಿನ ಮೀನು ತರಬೇಡಿ, ಮರಳು ತನ್ನಿ. ಬಾಟಲಿ ಕುಲುಕುವುದು, ವಿನೆಗರ್ ಹಾಕಿ ಗುಳ್ಳೆ ನೋಡುವುದು, ಅಯಸ್ಕಾಂತ ಆಡಿಸುವುದು ಎಲ್ಲ ಮಕ್ಕಳಿಗೇ ಬಿಡಿ. ಅವರೇ ತೊಳೆದು ಒಣಗಿಸಿದ ಮರಳಿನ ಮೇಲೆ ಒಂದು ದಿನ ಮೀನು ಬಂದಾಗ ಅದನ್ನು ಉಳಿಸಿಕೊಳ್ಳುವ ಕಾಳಜಿಯೂ ಅವರಿಗೆ ತಾನಾಗಿ ಬರುತ್ತದೆ.